ಸೋಮಮ್ಮ ಕಲಿಸಿದ ಪಾಠ

ಶಾಗ್ಯದ ಅಂಗನವಾಡಿ ಟೀಚರ್ ಸೋಮಮ್ಮನಿಗೆ ಒಂದು ಚಾಳಿ. ಮೇಲಿನಿಂದ ಏನೇ ಆದೇಶ ಬರಲಿ, ಊರಿನವರ ತಲೆಗೆ ಹತ್ತುವ ತನಕ ಬಿಡುವವಳಲ್ಲ. ಫೋನಿನ ಮೋಸದ ಬಗ್ಗೆ ತಿಳಿಹೇಳಿ ಅಂತ ಬಂದಾಗಲೂ ಅಷ್ಟೇ. ದೇವರೇ ಬಂದು ಕೇಳಿದರೂ ಓಟಿಪಿ ಕೊಡಬೇಡಿ, ನಿಮ್ಮವರ ದನಿಯನ್ನೇ ನಕಲು ಮಾಡುವ ಕಳ್ಳರಿದ್ದಾರೆ ಅಂತ ಗಂಡಸರನ್ನೂ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದಳು.

ಆಮೇಲೆ ಇನ್ನೊಂದು ಆದೇಶ ಬಂತು. ಬಸುರಿಯರಿಗೆ ತಿಂಗಳ ಆಹಾರದ ಪೊಟ್ಟಣ ಕೊಡಬೇಕಾದರೆ ಅವರ ನಂಬರಿಗೆ ಬರುವ ಓಟಿಪಿಯನ್ನು ಟೀಚರೇ ಕೇಳಿ ತನ್ನ ಫೋನಿಗೆ ಹಾಕಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊಳ್ಳೇಗಾಲದ ತರಬೇತಿಯಲ್ಲಿ ಸೋಮಮ್ಮ ಎದ್ದು ನಿಂತು, ನಂಬರು ಗಂಡನ ಹತ್ತಿರ ಇದ್ದರೆ ಏನು ಮಾಡೋದು ಸಾ, ಪೊಟ್ಟಣ ಕೊಟ್ಟೆ ಅಂತ ನಾನು ಹಾಕೋ ಸೈನಿಗೆ ಬೆಲೆಯಿಲ್ಲವಾ ಅಂತ ಕೇಳಿಯೇಬಿಟ್ಟಳು. ಸಾಹೇಬರು ಒಳ್ಳೆಯವರೇ.

"ಇದನ್ನ ಮಾಡಿದೋರು ನನ್ನನ್ನೂ ಕೇಳಿ ಮಾಡ್ಲಿಲ್ಲ ಕಣಮ್ಮ," ಅಂದರು.

ಪ್ರೇಮಾಗೆ ಏಳು ತಿಂಗಳು, ಮೈಯಲ್ಲಿ ರಕ್ತವಿಲ್ಲ. ನಂಬರು ಗಂಡ ನಟರಾಜುವಿನದು; ಅವನು ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಆ ಸದ್ದಿನಲ್ಲಿ ಅವನಿಗೆ ಫೋನು ಕೇಳಿಸಿದ್ದೇ ತಿಂಗಳ ಕಡೇ ದಿನ. ಪ್ರೇಮಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೋಮಮ್ಮ ಓಟಿಪಿ ಕೇಳಿದಳು.

"ದನಿಯೇನೋ ಟೀಚರಮ್ಮುಂದೇಯ. ಆದ್ರೂ ನಾ ಕೊಡಕಿಲ್ಲ. ದನಿ ನಕಲು ಮಾಡ್ತಾರೆ ಅಂತ ನೀವೇ ಯೋಳಿದ್ರಲ್ಲ," ಅಂದ ನಟರಾಜು.

ಪ್ರೇಮಾ ಫೋನು ಕಿತ್ತುಕೊಂಡು ಬೈದಳು. ಆ ಬೈಗುಳ ಕೇಳಿದ ಮೇಲೆ ಅವನಿಗೆ ನಂಬಿಕೆ ಬಂತು. ಅಷ್ಟರಲ್ಲಿ ಓಟಿಪಿಯ ಗಡುವು ಮುಗಿದಿತ್ತು. ಇನ್ನೊಂದು ಓಟಿಪಿಗಾಗಿ ಮತ್ತೆ ಮತ್ತೆ ಒತ್ತಿದ್ದಕ್ಕೆ ಫೋನು, ನಾಳೆ ಪ್ರಯತ್ನಿಸಿ ಅಂದಿತು. ನಾಳೆ ಅಂದರೆ ಹೊಸ ತಿಂಗಳು, ಈ ತಿಂಗಳ ಪೊಟ್ಟಣ ಕೈತಪ್ಪಿದಂತೆಯೇ.

ಪೊಟ್ಟಣ ಅಲ್ಲೇ ಕಪಾಟಿನಲ್ಲಿತ್ತು. ಹಾಗೇ ಕೊಟ್ಟರೆ ದಾಸ್ತಾನಿನಲ್ಲಿ ಕಮ್ಮಿ ಬಂದು ಕೆಲಸಕ್ಕೇ ಕುತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿಗೂ ಕೊಡುವ ಆಸೆಯೇ, ಬೇಡ ಅಂದದ್ದು ಫೋನು.

"ಬುಡಿ ಟೀಚರಮ್ಮ, ಮುಂದಿನ್ ತಿಂಗ್ಳು ಈಸ್ಕತೀನಿ," ಅಂತ ಪ್ರೇಮಾ ಬರಿಗೈಲಿ ಎದ್ದಳು.

ಸೋಮಮ್ಮ ಅವಳನ್ನು ತಡೆದು ಕೂರಿಸಿದಳು. ಮನೆಗೆ ಓಡಿಹೋಗಿ ಒಂದೆರಡು ಮೊಟ್ಟೆ ತಂದುಕೊಟ್ಟಳು. ಅದು ಎಷ್ಟು ದಿನಕ್ಕೆ ಬಂದೀತು?

ಮುಂದಿನ ತಾಯಂದಿರ ಸಭೆಗೆ ಮತ್ತೆ ಹಳೇ ಆದೇಶವೇ ಬಂತು. ಮೋಸದ ಬಗ್ಗೆ ಎಚ್ಚರಿಸಿ, ಫೋಟೊ ತೆಗೆದು ಕಳಿಸಿ. ಸೋಮಮ್ಮ ಎದ್ದು ನಿಂತು "ಓಟಿಪಿಯ..." ಅಂದಳು. ಮುಂದಿನ ಮಾತು ಬಿಟ್ಟು ಫೋಟೊಗೆ ಅಂತ ಫೋನು ತೆಗೆದಳು. ಹೆಂಗಸರೇ ಪೂರ್ತಿ ಮಾಡಿದರು.

"ಯಾರ್ಗೂ ಯೋಳ್ಬಾರ್ದು."

ಎಲ್ಲರಿಗಿಂತ ಜೋರಾಗಿ ಹೇಳಿದವಳು, ಮುಂದಿನ ಸಾಲಿನಲ್ಲಿ ಬಿಳಿಚಿಕೊಂಡು ಕೂತಿದ್ದ ಪ್ರೇಮಾ.