ಏಳನೇ ಪುಸ್ತಕದ ಕೈಗಡಿಯಾರ

ತಿಂಗಳ ಮೊದಲ ವಾರದಲ್ಲಿ ಒಂದು ದಿನ, ಹನ್ನೊಂದು ಗಂಟೆಯ ಆಸುಪಾಸಿಗೆ, ಹೊಸೂರಿನ ಪಕ್ಕದ ಮತ್ತಿಗಿರಿಯ ನಮ್ಮ ಮನೆಯ ಮುಂದೆ ಕೊರಿಯರಿನವನ ಗಾಡಿ ನಿಲ್ಲುತ್ತದೆ. ಆ ಹೊತ್ತಿಗೆ ನಾನು ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಕೂತಿರುತ್ತೇನೆ. ಮೊದಲೆಲ್ಲ ಗಾಡಿಯ ಸದ್ದು ಕೇಳಿದ ಕೂಡಲೇ ನನ್ನ ಗಂಡ ಎದ್ದು ಓಡುತ್ತಿದ್ದರು. ಕತ್ತರಿ ಹುಡುಕುವಷ್ಟೂ ತಾಳ್ಮೆಯಿಲ್ಲ. ಟೇಪನ್ನು ಹಲ್ಲಿನಿಂದ ಕಿತ್ತು, ಪುಸ್ತಕ ಹೊರಗೆಳೆದು, ಓದುವುದಕ್ಕೆ ಮುಂಚೆ ಮೂಗಿಗೆ ಹಿಡಿಯುವುದು. ವಾಚಿನ ಫ್ಯಾಕ್ಟರಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಚಿಮುಟದಲ್ಲಿ ಎತ್ತಿ ಕೂರಿಸುತ್ತ ಸರ್ವೀಸು ಮುಗಿಸಿದ ಮನುಷ್ಯ, ಕಾಮಿಕ್ಸ್ ಬಂತೆಂದರೆ ಹೀಗೆ.

"ಈ ವಯಸ್ಸಿಗೆ ಎಲ್ರೂ ಜಪಮಾಲೆ ಹಿಡೀತಾರೆ, ನೀವು ಇದನ್ನ ಹಿಡ್ಕೊಂಡಿದ್ದೀರಿ" ಎಂದರೆ, "ಜಪಮಾಲೇಲಿ ಚಿತ್ರ ಇರಾಕಿಲ್ವಲ್ಲೇ" ಎನ್ನುತ್ತಿದ್ದರು.

ಓದುವುದು ತಮಿಳು ಕಾಮಿಕ್ಸ್. ಮನೆಮಾತು ಕನ್ನಡವಾದರೂ ಅವರು ಹೊಸೂರಿನಲ್ಲಿ ತಮಿಳು ಮೀಡಿಯಂನಲ್ಲಿ ಓದಿದವರು. ನಾನು ಬೇರಿಕೆಯ ಕಡೆ ಕನ್ನಡ ಶಾಲೆಯವಳು. ಅವರಿಗೆ ಕನ್ನಡ ಅಕ್ಷರ ಕೂಡಿಸಿ ಓದಬೇಕು, ನನಗೆ ತಮಿಳು ಅಕ್ಷರ ಕೂಡಿಸಿ ಓದಬೇಕು. ಮದುವೆಯಾದ ಹೊಸದರಲ್ಲಿ ಇದೊಂದು ತಮಾಷೆಯಾಗಿತ್ತು. ಮುಂದೆ ಇದೇ ನಮ್ಮ ಮನೆಯ ದುಃಖಕ್ಕೆ ದಾರಿಯಾಗುತ್ತದೆಂದು ಯಾರಿಗೆ ಗೊತ್ತಿತ್ತು.

ಅವರಂಥ ಅಭಿಮಾನಿಗಳದ್ದೇ ಒಂದು ಗುಂಪು ಫೋನಿನಲ್ಲಿದೆ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಕಡೆಯವರು. ಹೆಚ್ಚಿನವರು ತಲೆ ನರೆತವರು. ಆ ಗುಂಪಿಗೊಂದು ಕಟ್ಟುಪಾಡು. ಪುಸ್ತಕ ಕೈಸೇರಿದ ಮೇಲೆ ಭಾನುವಾರದವರೆಗೆ ಯಾರೂ ಕಥೆ ಬಿಟ್ಟುಕೊಡಬಾರದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಬ್ಬೊಬ್ಬರಾಗಿ ತಮ್ಮ ಅಭಿಪ್ರಾಯವನ್ನು ದನಿಯಲ್ಲೇ ಹೇಳಿ ಕಳಿಸಬೇಕು, ಬರೆಯುವ ಹಾಗಿಲ್ಲ. ಮೊದಲ ದನಿ ನನ್ನ ಗಂಡನದು. ಅದು ಅವರಿಗೆ ಗುಂಪು ಕೊಟ್ಟ ಮರ್ಯಾದೆ. ಚಿತ್ರಗಾರ ಎಲ್ಲಿ ತಪ್ಪು ಮಾಡಿದ್ದಾನೆ ಎನ್ನುವುದು ಅವರ ಕಣ್ಣಿಗೆ ಬಿದ್ದ ಹಾಗೆ ಇನ್ನೊಬ್ಬರಿಗೆ ಬೀಳುತ್ತಿರಲಿಲ್ಲ. ಹನ್ನೆರಡನೇ ಪುಟದಲ್ಲಿ ಬೆಲ್ಟಿಗೆ ಮೂರು ತೂತು, ಹದಿನಾಲ್ಕರಲ್ಲಿ ನಾಲ್ಕು. ನೆರಳು ಒಂದು ಕಡೆ, ಸೂರ್ಯನೂ ಅದೇ ಕಡೆ. ಎಲ್ಲರೂ ಅವರನ್ನು ವಾಚಣ್ಣ ಎಂದೇ ಕರೆಯುತ್ತಿದ್ದರು.

ಅವರ ಮಾತಿಗೆ ಅಡ್ಡ ಬರುವವರು ಒಬ್ಬರಿದ್ದರು. ಕೃಷ್ಣಗಿರಿಯಲ್ಲಿರುವ ರಿಟೈರಾದ ಬಸ್ ಕಂಡಕ್ಟರು, ನಮ್ಮ ಹಾಗೆ ಕನ್ನಡ ಮನೆಮಾತಿನವರು. ಗುಂಪಿನಲ್ಲಿ ತಮಿಳಿನಲ್ಲೇ ಶುರುಮಾಡಿ ಸಿಟ್ಟು ಬಂದ ಕೂಡಲೇ ಕನ್ನಡಕ್ಕೆ ಇಳಿಯುತ್ತಿದ್ದರು. "ಏನ್ಲಾ ವಾಚು, ನೀನು ಕತೆ ಓದ್ತೀಯೋ ಗುಂಡಿ ಎಣಿಸ್ತೀಯೋ? ಅವ್ನು ಊರು ಉಳಿಸಕ್ಕೆ ಹಾರ್ತಾವ್ನೆ, ನಿಂಗೆ ಅವ್ನ ಬೆಲ್ಟಿನ ಚಿಂತೆ!" ಇವರು ಮುಖವರಳಿಸಿಕೊಂಡು ಉತ್ತರ ಕೊಡುವರು: "ಟಿಕೆಟ್ ಹರಿದು ಹರಿದು ನಿಂಗೆ ತಲೆ ಎಲ್ಲಾ ತೂತು ಬಿದ್ದೈತೆ ಕಣ್ಲಾ." ಭಾನುವಾರ ನಮ್ಮ ಮನೆಯಲ್ಲಿ ಊಟ ಎರಡು ಗಂಟೆಗೆ ಮುಂಚೆ ಆದದ್ದೇ ಇಲ್ಲ.

ಸಕ್ಕರೆ ಕಾಯಿಲೆ ಅವರ ಒಂದು ಕಣ್ಣನ್ನು ಸರ್ವೀಸಿನ ಕೊನೆಯಲ್ಲೇ ತೆಗೆದುಕೊಂಡಿತ್ತು. ಇನ್ನೊಂದು ಮಸುಕಾಗುತ್ತಿದ್ದ ವರ್ಷವೇ ಆ ಹೊಸ ಸರಣಿ ಶುರುವಾದದ್ದು. ಅಷ್ಟು ದಿನ ಹಳೆಯದನ್ನೇ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದ ಕಾಮಿಕ್ಸ್ ಕಂಪನಿಯವರು, ನಮ್ಮ ಕಡೆಯವನೇ ಆದ ಒಬ್ಬ ಹೊಸ ಸೂಪರ್ ಹೀರೋ ಎಂದು ಹೇಳಿಕೊಂಡು ತಂದರು. ಅಂಗೈಗೆ ಸಿಡಿಲು ಇಳಿಸಿಕೊಳ್ಳುವ ಒಬ್ಬ ಮೀನುಗಾರ, ಅವನಿಗೆ ವಿದ್ಯೆ ಕಲಿಸಿದ ಮುದಿ ಗುರು, ಆ ಗುರು ಕೊಟ್ಟ ಹಳೆಯ ಕೈಗಡಿಯಾರ ಅವನ ಎಡಗೈಯಲ್ಲಿ. ಮೊದಲ ಪುಸ್ತಕ ಬಂದ ದಿನ ಅವರು ಅದನ್ನು ಮೂಗಿಗೆ ಹಿಡಿದು, ಆಮೇಲೆ ಕಣ್ಣಿಗೆ ಹಿಡಿದು, ಬೆಳಕಿಗೆ ತಿರುಗಿಸಿ, ಕೊನೆಗೆ ತೊಡೆಯ ಮೇಲಿಟ್ಟುಕೊಂಡರು.

"ನಾಕು ಮೂಲೆ ಕಾಣ್ತದೆ ಕಣೇ. ನಡುವೆ ಯಾರೋ ಹೊಗೆ ಬುಟ್ಟವ್ರೆ."

ಅವತ್ತಿನಿಂದ ಓದುವ ಕೆಲಸ ನನ್ನದಾಯಿತು. ಮೊದಲು ತಮಿಳನ್ನು ಹಾಗೇ ಓದಿ ಹೇಳಿದೆ. ಎರಡು ಪುಟ ತಡೆದುಕೊಂಡರು. "ನೀನು ಈ ಥರ ಓದಿದ್ರೆ ಹೀರೋ ಬರೋ ಹೊತ್ಗೆ ವಿಲನ್‌ಗೆ ವಯಸ್ಸಾಗೋಯ್ತದೆ. ನೋಡ್ಕೊಂಡು ಕನ್ನಡ್ದಾಗೆ ಹೇಳ್ಬುಡು" ಎಂದರು. ಹಾಗಾಗಿ ನಾನು ಮನಸ್ಸಿನಲ್ಲೇ ಕೂಡಿಸಿ ಓದಿಕೊಂಡು ಕನ್ನಡದಲ್ಲಿ ಕಥೆ ಹೇಳುವುದು, ಚಿತ್ರ ವಿವರಿಸುವುದು ರೂಢಿಯಾಯಿತು. ಚಿತ್ರ ನೋಡುವುದನ್ನೂ ಅವರೇ ಕಲಿಸಿದರು. ಮೊದಲು ಕೈ ನೋಡು, ಆಮೇಲೆ ಕಾಲು, ಆಮೇಲೆ ನೆರಳು, ಮುಖ ಕೊನೆಗೆ. ಮುಖ ನೋಡಿದರೆ ಮೋಸ ಹೋಗುತ್ತೀಯ ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಅಕ್ಕಿಯೊಳಗಿನ ಕಲ್ಲು ನೋಡಿದ ಕಣ್ಣು ನನ್ನದು, ಕಷ್ಟವಾಗಲಿಲ್ಲ. ಎರಡನೇ ಪುಸ್ತಕದಲ್ಲಿ ದೋಣಿಯ ಹಗ್ಗ ಒಂದು ಚಿತ್ರದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ನಾನೇ ಹಿಡಿದೆ. ಭಾನುವಾರ ಅವರು ಅದನ್ನು ತಮ್ಮ ಕಣ್ಣಿಗೆ ಬಿದ್ದಂತೆ ಹೇಳಿದರು. ಗುಂಪೆಲ್ಲ ಹೌದಲ್ಲ ಎಂದಿತು.

ಕಣ್ಣು ಹೋದ ವಿಷಯ ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ. "ಹೇಳಿದ್ರೆ ಮುಗೀತು. ಆಮೇಲೆ ನಾನು ವಾಚು ಆಗಿರಾಕಿಲ್ಲ, ಪಾಪ ಆಗ್ಬುಡ್ತೀನಿ" ಎಂದಿದ್ದರು. ಅವರಿಗೆ ಉಳಿದಿದ್ದ ಒಂದೇ ಜಾಗ ಅದು. ಅದನ್ನು ಕಾಯುವುದು ನನ್ನ ಕೆಲಸವೂ ಆಯಿತು. ಫೋನಿನ ಗುಂಡಿ ಒತ್ತಿ ಹಿಡಿಯುತ್ತಿದ್ದವಳು ನಾನು, ಮಾತು ಅವರದು.

ಹೊಸ ಸರಣಿಯ ಬಗ್ಗೆ ಗುಂಪಿನಲ್ಲಿ ಮೊದಲ ದಿನದಿಂದಲೇ ಗಲಾಟೆ. ಕಾಗದ ವಿಪರೀತ ನುಣುಪು, ಹಳೇ ಪುಸ್ತಕದ ವಾಸನೆ ಇಲ್ಲ ಎಂದು ಒಬ್ಬರು. ಹೀರೋ ಪುಟಕ್ಕೊಂದು ಸಲ ಅಳುತ್ತಾನೆ, ಇವನಿಗೆ ಸಿಡಿಲಿಗಿಂತ ಕರ್ಚೀಫು ಮುಖ್ಯ ಎಂದು ಇನ್ನೊಬ್ಬರು. ಹೀರೋಗೆ ಮುಖವಾಡವೇ ಇಲ್ಲವೆಂದು ಕಂಡಕ್ಟರಿಗೆ ಸಿಟ್ಟು: "ಮುಕ ಮುಚ್ಕೊಳ್ದೇ ಇದ್ರೆ ಅವ್ನು ಸೂಪರ್ ಹೀರೋನಾ, ಇಲ್ಲ ನಮ್ಮೂರ ಲೈನ್‌ಮ್ಯಾನಾ?" ನನ್ನ ಗಂಡ ಮಾತ್ರ ಆ ಮುದಿ ಗುರುವಿನ ಪರ. ಹೊಡೆದಾಟ ಯಾರು ಬೇಕಾದರೂ ಬರೆಯುತ್ತಾರೆ, ಕಲಿಸುವವನನ್ನು ಬರೆಯುವುದು ಕಷ್ಟ ಎನ್ನುತ್ತಿದ್ದರು.

ನಾಲ್ಕನೇ ಪುಸ್ತಕ ಬರುವುದಕ್ಕೆ ಎರಡು ದಿನ ಮುಂಚೆ ಕಣ್ಣಿನ ಡಾಕ್ಟರು, ಉಳಿದ ಕಣ್ಣಿಗೂ ಇನ್ನು ಮಾಡುವುದು ಏನೂ ಇಲ್ಲ ಎಂದು ಹೇಳಿದ್ದರು. ಇವರು ಮನೆಗೆ ಬಂದು ಮುದ್ದೆ ಮುರಿದು, "ಉಪ್ಪು ಕಮ್ಮಿ" ಎಂದರು, ಅಷ್ಟೆ. ಪಾರ್ಸಲ್ಲು ಬಂದಾಗ ಮಾತ್ರ ಕೈಚಾಚಿದರು. ಪುಸ್ತಕ ಮೂಸಿ ನನ್ನ ಕೈಗೆ ಕೊಟ್ಟು ಕಾಲು ಮಡಚಿ ಕೂತರು.

ಕಥೆ ಇಪ್ಪತ್ತನೇ ಪುಟದವರೆಗೆ ಚೆನ್ನಾಗಿತ್ತು. ಅಲ್ಲಿಂದ ಮುಂದೆ ಸಿಡಿಲಿನ ಬೆಳಕಿಗೆ ಗುರುವಿನ ಎರಡೂ ಕಣ್ಣು ಹೋಗುತ್ತವೆ. ಇನ್ನು ನನ್ನಿಂದ ಯಾರಿಗೂ ಉಪಯೋಗವಿಲ್ಲ ಎಂದು ಅವನು, ಉರಿಯುತ್ತಿರುವ ಹಡಗಿನೊಳಕ್ಕೆ ತಾನೇ ನಡೆದುಹೋಗುತ್ತಾನೆ. ಒಂದು ಪುಟದ ತುಂಬ ಬೆಂಕಿ, ಅದರ ನಡುವೆ ಬೆನ್ನು ಮಾತ್ರ.

ನಾನು ಆ ಪುಟದಲ್ಲೇ ನಿಂತೆ. "ಏನಾಯ್ತೇ? ಮುಂದಕ್ಕೆ ಹೇಳು" ಎಂದರು. ಹಿಂದೆ ಮುಂದೆ ಯೋಚಿಸದೆ, "ಗುರುಗಳು ಹಡಗಿನಿಂದ ಇಳಿದು ಬೆಟ್ಟದ ಕಡೆ ಹೋದರು. ತಪಸ್ಸಿಗೆ" ಎಂದುಬಿಟ್ಟೆ. "ಯಾಕೆ?" ಎಂದು ಕೇಳಿದರು. "ಅದು ಬರೆದಿಲ್ಲ" ಎಂದೆ. ತಮಿಳಿನಲ್ಲೇ ಓದುತ್ತಿದ್ದರೆ ಆ ಸುಳ್ಳು ನನ್ನಿಂದ ಆಗುತ್ತಿರಲಿಲ್ಲ. ಕನ್ನಡ ನನ್ನ ಕೈಯಲ್ಲಿತ್ತು, ಅದಕ್ಕೆ ಆಯಿತು. ಭಾನುವಾರದ ಯೋಚನೆ ಆಗ ನನ್ನ ತಲೆಗೆ ಬರಲೇ ಇಲ್ಲ. ಬಂದಾಗ ಶನಿವಾರವಾಗಿತ್ತು. ಇವತ್ತು ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹತ್ತು ಗಂಟೆಯಾಯಿತು.

ಅವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಈ ಲೇಖಕ ಜಾಣ, ಗುರುವನ್ನು ಬೆಟ್ಟಕ್ಕೆ ಕಳಿಸಿ ಉಳಿಸಿಕೊಂಡಿದ್ದಾನೆ, ಆರನೇ ಪುಸ್ತಕದಲ್ಲಿ ಹೊಸ ಶಕ್ತಿಯೊಂದಿಗೆ ಕರೆತರುತ್ತಾನೆ, ಬರೆದಿಟ್ಟುಕೊಳ್ಳಿ ಎಂದರು. ಗುಂಡಿ ಒತ್ತಿ ಹಿಡಿದಿದ್ದವಳು ನಾನು. ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

ಅವರ ದನಿ ಗುಂಪಿಗೆ ಹೋಯಿತು. ಆಮೇಲೆ ನಗು. ವಾಚಣ್ಣನಿಗೆ ಬೇರೆ ಪುಸ್ತಕ ಕಳಿಸಿದ್ದಾರೆ ಎಂದು ಒಬ್ಬ. ಕೊನೆಗೆ ಕಂಡಕ್ಟರು: "ಲೋ ವಾಚು, ಪುಟದ ತುಂಬ ಬೆಂಕಿ ಹಾಕವ್ನೆ, ಕಾಣಾಕಿಲ್ವೇನ್ಲಾ? ಕಣ್ಣು ಹೋದ ಮುದುಕ ಅದ್ರೊಳಕ್ಕೆ ನಡ್ಕೊಂಡು ಹೋಗಿ ಸತ್ತೋದ. ನೀನು ಯಾವ ಬೆಟ್ಟ ನೋಡ್ದೆ?"

ಅವರು ನನ್ನ ಕಡೆ ತಿರುಗಿದರು. ಕಾಣದಿದ್ದರೂ ನೇರ ನನ್ನ ಮುಖಕ್ಕೇ ತಿರುಗಿದ್ದರು. "ಆ ಪುಟ ತೆಗಿ. ತಮಿಳಿನಾಗೇ ಓದು" ಎಂದರು.

ಅಕ್ಷರ ಅಕ್ಷರ ಕೂಡಿಸಿ ಓದಿದೆ. ತಪ್ಪಿದಲ್ಲಿ ತಿದ್ದಿದರು. ಮುಗಿದ ಮೇಲೆ, "ಚೆಂದಾಗಿ ಬರ್ದವ್ನೆ. ಆದ್ರೆ ತಪ್ಪು ಬರ್ದವ್ನೆ" ಎಂದರು. "ಕಣ್ಣು ಹೋದ್ರೆ ಬೆಂಕಿಗೆ ಯಾಕೆ ಹೋಗ್ಬೇಕು? ಕಲಿಸಕ್ಕೆ ಬಾಯಿ ಇರಲಿಲ್ವಾ ಅವ್ನಿಗೆ? ಇದನ್ನ ಇವತ್ತು ಗ್ರೂಪ್ನಲ್ಲಿ ನಾನೊಬ್ನೇ ಕೇಳ್ಬೋದಾಗಿತ್ತು. ಅದನ್ನ ನನ್ನ ಕೈಯಿಂದ ಕಿತ್ಕಂಡ್ಬುಟ್ಟೆಯಲ್ಲೇ."

ನಿಮಗೆ ನೋವಾಗುತ್ತದೆಂದು ಹಾಗೆ ಹೇಳಿದೆ ಎಂದೆ. "ನೋವಾಗ್ಲಿ ಅಂತಾನೇ ಅಲ್ವಾ ಅವ್ನು ಬರೆದಿರೋದು" ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಫೋನು ಹಿಡಿ ಎಂದರು. ಹಿಡಿದೆ. ಮೂರು ನಾಲ್ಕು ತಿಂಗಳಿಂದ ನನಗೆ ಕಣ್ಣು ಕಾಣುವುದಿಲ್ಲ, ನನ್ನ ಹೆಂಡತಿ ಓದಿ ಹೇಳುತ್ತಾಳೆ, ಇವತ್ತಿನದು ಅವಳ ತಪ್ಪಲ್ಲ ಎಂದು ಹೇಳಿದರು. ಆಮೇಲೆ ಗುರುವಿನ ಸಾವು ಯಾಕೆ ತಪ್ಪು ಎನ್ನುವುದನ್ನೂ, ನನಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ನನ್ನ ಜೀವಮಾನದಲ್ಲಿ ಅವರಿಂದ ಅಂಥ ಮಾತು ಕೇಳಿರಲಿಲ್ಲ.

ಎಲ್ಲರೂ ಒಪ್ಪಿಕೊಂಡರು. ಒಬ್ಬನಾದರೂ ಇಲ್ಲ ಅನ್ನಲಿಲ್ಲ. ನೀವು ಹೇಳಿದ್ದೇ ಸರಿ ಅಣ್ಣೇ, ಆರೋಗ್ಯ ನೋಡಿಕೊಳ್ಳಿ ಅಣ್ಣೇ, ರೆಸ್ಟ್ ತಗೊಳ್ಳಿ. ದಿಂಡುಗಲ್ಲಿನಲ್ಲೊಬ್ಬ ಒಳ್ಳೇ ಡಾಕ್ಟರಿದ್ದಾರೆ. ಮೆಂತ್ಯ ನೆನೆಸಿ ಕುಡಿಯಿರಿ. ಕಂಡಕ್ಟರ ದನಿ ಕೊನೆಗೆ ಬಂತು, ಅದೂ ನೆಟ್ಟಗೆ ತಮಿಳಿನಲ್ಲಿ: ವಾಚಣ್ಣನವರ ಅಭಿಪ್ರಾಯವನ್ನು ನಾನು ಅನುಮೋದಿಸುತ್ತೇನೆ. ಇವರು ಅದನ್ನು ಕೇಳಿ, "ಆರಿಸ್ಬುಡು" ಎಂದರು. ಅವತ್ತು ನಾವು ಹನ್ನೆರಡು ಗಂಟೆಗೇ ಊಟ ಮಾಡಿದೆವು.

ಐದನೇ ಪುಸ್ತಕಕ್ಕೂ ಹಾಗೇ. ಇವರು ಬೇಕೆಂದೇ ಅಡ್ಡಾದಿಡ್ಡಿ ಮಾತಾಡಿದರು, ಹೀರೋಗೆ ಮುಖವಾಡ ಬೇಕೇ ಬೇಕು ಎಂದು ಕಂಡಕ್ಟರ ವಾದವನ್ನೇ ಹೇಳಿದರು. ಅದಕ್ಕೂ ಎಲ್ಲರದೂ ಹೌದು ಹೌದು. ನನಗೆ ತಡೆಯಲಾಗಲಿಲ್ಲ. ಮಾರನೇ ದಿನ ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿಗೆ ಹೋಗಿ ಕಂಡಕ್ಟರಿಗೆ ಫೋನು ಮಾಡಿದೆ. "ಅಣ್ಣಾ, ಮೊದ್ಲಿನಂಗೆ ಅವ್ರನ್ನ ಬೈರಿ" ಎಂದೆ.

"ಬಾಯಿ ಬರಾಕಿಲ್ಲ ಕಣಮ್ಮ. ಕಾಣಾಕಿಲ್ವೇನ್ಲಾ ಅಂದ್ಬುಟ್ಟೆ ನಾನು. ಅದೇ ಮಾತು ಕಿವೀಲಿ ಕುಂತೈತೆ" ಎಂದರು. ಆಮೇಲೆ, "ಆಗ್ಲಿ, ನೋಡ್ತೀನಿ" ಎಂದರು.

ಆರನೇ ಪುಸ್ತಕದ ಭಾನುವಾರ ಕಂಡಕ್ಟರು ಬೈದರು ಕೂಡ. "ಏನ್ಲಾ ವಾಚು, ನಿಂಗೆ ಕತೆ ತಿಳಿಯಾಕಿಲ್ಲ" ಎಂದು. ನಾನು ಒಲೆಯ ಮುಂದೆ ಕಿವಿಗೊಟ್ಟು ನಿಂತಿದ್ದೆ. ಇವರು ಅದನ್ನು ಎರಡು ಸಲ ಹಾಕಿಸಿ ಕೇಳಿದರು.

"ಬಯ್ಯೋಕ್ಮುಂಚೆ ಉಗುಳು ನುಂಗ್ದ. ಅವ್ನು ಯಾವತ್ತೂ ಹಂಗೆ ಮಾಡ್ದೋನಲ್ಲ. ನೀನು ಹೇಳ್ಕೊಟ್ಯಾ?"

ನಾನು ಸುಮ್ಮನಿದ್ದೆ. ಅವರಿಗೆ ಅಷ್ಟು ಸಾಕಾಯಿತು. ಗುಂಪಿನಿಂದ ಹೆಸರು ತೆಗೆಸು ಎಂದರು. ಆ ಗುಂಡಿಯನ್ನೂ ನಾನೇ ಒತ್ತಿದೆ.

ವರ್ಷದ ಚಂದಾ ಇರುವುದರಿಂದ ಪುಸ್ತಕ ಈಗಲೂ ಬರುತ್ತದೆ. ಏಳನೆಯದು ಹೋದ ವಾರ ಬಂತು. ಪಾರ್ಸಲ್ಲನ್ನು ಅವರ ಕೈಗೆ ಕೊಟ್ಟೆ, ಮೂಸದೆ ಪಕ್ಕಕ್ಕಿಟ್ಟರು. ಮಧ್ಯಾಹ್ನ ಪಾತ್ರೆ ತೊಳೆದು ಬಂದು ನಾನೊಬ್ಬಳೇ ಕಿಟಕಿಯ ಹತ್ತಿರ ಕೂತು ಬಿಡಿಸಿದೆ. ಮೊದಲು ಕೈ, ಆಮೇಲೆ ಕಾಲು, ಆಮೇಲೆ ನೆರಳು. ಒಂಬತ್ತನೇ ಪುಟದಲ್ಲಿ ಗುರು ಕೊಟ್ಟ ಗಡಿಯಾರ ಹೀರೋನ ಬಲಗೈಯಲ್ಲಿತ್ತು. ಆರು ಪುಸ್ತಕಗಳಲ್ಲಿ ಅದು ಎಡಗೈ ಬಿಟ್ಟು ಕದಲಿರಲಿಲ್ಲ. ಪುಟ ತಿರುಗಿಸಿ, ಮತ್ತೆ ಹಿಂದಕ್ಕೆ ಬಂದು, ನನ್ನದೇ ಕೈ ಹಿಡಿದು ನೋಡಿ ಖಾತ್ರಿ ಮಾಡಿಕೊಂಡೆ.

"ರೀ," ಎಂದೆ, "ಒಂಬತ್ನೇ ಪುಟದಲ್ಲಿ ಗಡಿಯಾರ ಬಲಗೈಲಿದೆ."

ಅವರ ತಲೆ ಮೇಲಕ್ಕೆದ್ದಿತು. ಒಂದು ಕ್ಷಣ ಮುಖದಲ್ಲಿ ಆ ಹಳೆಯ ಭಾನುವಾರ ಬಂದು ಹೋಯಿತು. ಆಮೇಲೆ ನಿಧಾನವಾಗಿ ಕೇಳಿದರು:

"ನಿಜಕ್ಕೂ ಐತಾ? ಇಲ್ಲ, ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯಾ?"

ದೇವರಾಣೆ ಎಂದೆ. ಮಕ್ಕಳಾಣೆ ಎಂದೆ. ನಾನು ಹೋಗಿ ಪಕ್ಕ ಕೂತು, ಅವರ ತೋರುಬೆರಳು ಹಿಡಿದು ಆ ಪುಟದ ಮೇಲೆ, ಆ ಬಲಗೈಯ ಮಣಿಕಟ್ಟಿನ ಮೇಲೆ ಇಟ್ಟೆ. ಕೂದಲೆಳೆಯಂಥ ಸ್ಪ್ರಿಂಗನ್ನೂ ಗುರುತು ಹಿಡಿಯುತ್ತಿದ್ದ ಬೆರಳು. ಅದು ಅಲ್ಲಿ ಒಂದು ಸುತ್ತು ಹುಡುಕಿತು, ಇನ್ನೊಂದು ಸುತ್ತು ಹುಡುಕಿತು. ಕಾಗದ ನುಣ್ಣಗಿತ್ತು.