ಒಳಗೆ ಬಿಟ್ಟ ಬಟ್ಟೆ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಯಾರ ಬಟ್ಟೆಯೇ ಇರಲಿ, ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತೇನೆ. ಮೈ ಬಂದರೆ ಬಿಚ್ಚಿ ಅಗಲ ಮಾಡಿಕೊಡಬಹುದಲ್ಲ. ನಮ್ಮ ಕಡೆ ಮೈ ಬರುವುದೆಂದರೆ ಒಳ್ಳೆಯ ಸುದ್ದಿ. ಸಣ್ಣಗಾದವರನ್ನು ಕಂಡರೆ ಸೊರಗಿದ್ದೀಯಲ್ಲ ಎಂದು ಮರುಗುತ್ತಾರೆ. ದಪ್ಪಗಾದವರನ್ನು ಕಂಡು ಯಾರೂ ಮರುಗುವುದಿಲ್ಲ.

ನನ್ನ ಅಣ್ಣ ಕೊಬ್ಬರಿ ವ್ಯಾಪಾರಿ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ತನ್ನ ಒಳಗೇನಾಗುತ್ತಿದೆ ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಂದು ಅತ್ತಿಗೆ ಹಟ ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದರು. ನಾನೂ ಹೋದೆ. ಅಣ್ಣ ಕೊಬ್ಬರಿ ತೂಗುವ ಯಂತ್ರದ ಮೇಲೆ ನಿಂತು ತೂಕ ನೋಡಿಕೊಂಡೇ ಬಂದಿದ್ದ.

“ತೂಕ ಒಂದನ್ನೇ ನೋಡಿದರೆ ಸಾಲದು. ನಿಮ್ಮ ಎತ್ತರಕ್ಕೆ ಅದು ಹೆಚ್ಚೋ ಕಡಿಮೆಯೋ ನೋಡಬೇಕು. ಹೊಟ್ಟೆಯ ಸುತ್ತಳತೆಯನ್ನೂ ನೋಡಬೇಕು. ಅಲ್ಲಿ ಕೊಬ್ಬು ಸೇರಿದರೆ ಹೃದಯಕ್ಕೆ ಕಷ್ಟ,” ಎಂದ ಡಾಕ್ಟರು ನನ್ನ ಹತ್ತಿರ ಇರುವಂಥದೇ ಟೇಪನ್ನು ಅವನ ಹೊಟ್ಟೆಗೆ ಸುತ್ತಿದರು. ಅಣ್ಣ ಹೊಟ್ಟೆಯನ್ನು ಒಳಗೆಳೆದುಕೊಂಡ.

“ಉಸಿರು ಬಿಡಿ ಯಜಮಾನ್ರೇ, ಆಮೇಲೆ ಅಳೀತೀನಿ,” ಎಂದರು. ನಾವೆಲ್ಲ ನಕ್ಕೆವು.

ಅವತ್ತಿನಿಂದ ಅಣ್ಣ ಕೆರೆ ಏರಿಯ ಮೇಲೆ ನಡೆಯತೊಡಗಿದ. ಊಟಕ್ಕೆ ಎರಡು ಮುದ್ದೆ ಇದ್ದದ್ದು ಒಂದಾಯಿತು. ಹೀಗಿರುವಾಗ ಒಂದು ದಿನ ಹಮಾಲರ ಎದುರೇ ಅವನ ಷರ್ಟಿನ ಗುಂಡಿ ಕಿತ್ತು ಹಾರಿತಂತೆ, ಎಲ್ಲರೂ ನಕ್ಕರಂತೆ. ಷರ್ಟು ತಂದುಕೊಟ್ಟ ಅಣ್ಣನ ಮುಖ ನನ್ನಿಂದ ನೋಡಲಾಗಲಿಲ್ಲ. ಗುಂಡಿ ಹಾಕುವಾಗ ಪಕ್ಕದ ಹೊಲಿಗೆಯನ್ನೂ ಬಿಚ್ಚಿ ಅರ್ಧ ಬೆರಳು ಸಡಿಲ ಮಾಡಿದೆ. ಅವನಿಗೆ ಹೇಳಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅಂಗಡಿಗೆ ಬಂದ. “ಲೇ, ಷರ್ಟು ಲೂಸಾಗೈತೆ ಕಣೇ! ನಡೆದಿದ್ದಕ್ಕೂ ಸಾರ್ಥಕ ಆಯ್ತು.”

“ತೂಕ ನೋಡ್ದಾ ಅಣ್ಣ?”

“ತೂಕ ಅಷ್ಟೇ ಐತೆ ಬುಡು. ಡಾಕ್ಟ್ರೇ ಹೇಳ್ಲಿಲ್ವಾ, ತೂಕ ಒಂದೇ ನೋಡ್ಬಾರ್ದು, ಹೊಟ್ಟೆ ನೋಡ್ಬೇಕು ಅಂತ?”

ಟೇಪು ನನ್ನ ಕೊರಳಲ್ಲೇ ನೇತಾಡುತ್ತಿತ್ತು. ತೆಗೆದು ಅಳೆದಿದ್ದರೆ ಅರೆ ನಿಮಿಷದ ಕೆಲಸ. ಅವನು ಅಷ್ಟು ಖುಷಿಯಾಗಿದ್ದುದನ್ನು ನೋಡಿ ಎಷ್ಟೋ ವರ್ಷವಾಗಿತ್ತು, ಟೇಪನ್ನು ಕೊರಳಲ್ಲೇ ಬಿಟ್ಟೆ. ಉಳಿದ ಷರ್ಟುಗಳು ಬಿಗಿಯಾದರೆ ಗುಟ್ಟು ರಟ್ಟಾಗುತ್ತದೆಂದು, ಸವೆದ ಕಾಲರ್ ತಿರುಗಿಸಿ ಹೊಲಿದುಕೊಡುತ್ತೇನೆ ಎಂಬ ನೆಪ ಹೇಳಿ ಅವನ್ನೂ ತರಿಸಿಕೊಂಡು ಸಡಿಲ ಮಾಡಿದೆ. ಆಮೇಲೆ ಇನ್ನೊಮ್ಮೆ. ಮತ್ತೂ ಒಮ್ಮೆ. ಹೊಟ್ಟೆ ಇಳಿದಿದೆಯೆಂದು ನಂಬಿ ಅವನು ನಡೆಯುವುದು ಬಿಟ್ಟ, ಎರಡನೇ ಮುದ್ದೆ ತಟ್ಟೆಗೆ ಮರಳಿತು. ಡಾಕ್ಟರು ಕರೆದ ದಿನ ಹೋಗಲೇ ಇಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೊಬ್ಬರಿ ಆರಿಸುತ್ತ ಕೂತವನು ಹಾಗೇ ಒರಗಿದ. ಆಸ್ಪತ್ರೆ ಮುಟ್ಟಲಿಲ್ಲ. ಷರ್ಟಿನಿಂದ ಯಾರೂ ಸಾಯುವುದಿಲ್ಲ, ನನಗೂ ಗೊತ್ತು. ಆದರೂ ಕತ್ತರಿ ಹಿಡಿದಾಗಲೆಲ್ಲ ಕೈ ತಡೆಯುತ್ತದೆ.

ತಿಂಗಳುಗಳಾದ ಮೇಲೆ ಅತ್ತಿಗೆ ಆ ಷರ್ಟುಗಳನ್ನು ತಂದರು. ಅವರ ತಮ್ಮನಿಗೆ ಆಗುವಂತೆ ಸಣ್ಣ ಮಾಡಬೇಕಿತ್ತು. ಒಳಮೈ ತಿರುವಿ ಬೆಳಕಿಗೆ ಹಿಡಿದೆ. ಹಳೆಯ ಹೊಲಿಗೆ ಇದ್ದಲ್ಲೆಲ್ಲ ಸೂಜಿತೂತುಗಳ ಸಾಲು ಉಳಿದಿತ್ತು.

“ಇದೇನಮ್ಮಾ, ಮೂರ್ ಮೂರು ಸಾಲು?” ಎಂದರು ಅತ್ತಿಗೆ.

ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಷರ್ಟನ್ನು ತೊಡೆಯ ಮೇಲೆ ಹಾಕಿಕೊಂಡು ಆ ತೂತುಗಳ ಮೇಲೆ ಬೆರಳಾಡಿಸಿದರು.

“ಪಾಪ, ನಿಮ್ಮಣ್ಣ ದಿನಾ ಕನ್ನಡಿ ಮುಂದೆ ನಿಂತ್ಕಂಡು ಷರ್ಟು ಹಿಡಿದೆಳೆದು ತೋರ್ಸೋರು ಕಣಮ್ಮಾ. ನೋಡು, ಇಳಿದಿದೀನಿ, ಇನ್ನು ನೀನು ಹೆದರ್ಕಬೇಡ, ಅನ್ನೋರು.”