ಗೋಪುರಕ್ಕೆ ಹೋದ ನೂಲು

ಪೀಳಮೇಡಿಗೆ ಹೋಗುವ ಬಸ್ಸು ಗಕ್ಕನೆ ನಿಂತಾಗ ಪಕ್ಕದ ಸೀಟಿನ ಹುಡುಗಿ "ಅಯ್ಯೋ, ಚರ್ಚ್ ಹೋಯ್ತು!" ಎಂದು ಕೂಗಿದಳು. ಚಿತ್ರದುರ್ಗ ಬಿಟ್ಟು ಕೊಯಮತ್ತೂರಿಗೆ ಬಂದ ಮೇಲೆ ಬಸ್ಸಿನಲ್ಲಿ ನಮ್ಮ ಕಡೆಯ ಕನ್ನಡ ಕೇಳುವುದೇ ಅಪರೂಪ. ತಿರುಗಿ ನೋಡಿದೆ. ಅವಳ ತೊಡೆಯ ಮೇಲೆ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಥರ್ಮಾಕೋಲಿನ ಊರು. ಒಂದು ಗೋಪುರ ಬಿದ್ದು ಯಾರದೋ ಕಾಲಡಿ ಪುಡಿಯಾಗಿತ್ತು.

"ಯಾವೂರಮ್ಮ ಇದು?"

"ಜರ್ಮನಿಯ ಫ್ರಾಂಕ್‌ಫರ್ಟ್, ಅಜ್ಜಿ. ಈಗಲೇ ಕಾಲೇಜಲ್ಲಿ ತೋರಿಸಬೇಕು, ಮಾರ್ಕ್ಸ್ ಇದೆ. ನೂರಾರು ವರ್ಷ ಅಲ್ಲಿ ಚರ್ಚೇ ಎಲ್ಲಕ್ಕಿಂತ ಎತ್ತರ. ಆಮೇಲೆ ಬ್ಯಾಂಕುಗಳು ಅದನ್ನ ಮೀರಿ ಎದ್ದವು. ಚರ್ಚೇ ಇಲ್ಲದಿದ್ರೆ ಕಥೆ ಎಲ್ಲಿಂದ ಶುರು ಮಾಡ್ಲಿ?"

ಮೊಮ್ಮಗನಿಗೆ ಟೋಪಿ ಹೆಣೆಯಲೆಂದು ಪೆರಿಯನಾಯಕನಪಾಳ್ಯದ ಮಿಲ್ಲಿನಿಂದ ತಂದ ಬೂದು ನೂಲಿನ ಕೋನ್ ನನ್ನ ಚೀಲದಲ್ಲಿತ್ತು. ಅದನ್ನು ತೆಗೆದು ಊರಿನ ನಡುವೆ ನಿಲ್ಲಿಸಿದೆ.

ಅವಳು ಅಳುತ್ತಲೇ ನಕ್ಕಳು. "ಕಲ್ಲಿನ ಥರಾನೇ ಇದೆ! ಆದ್ರೆ ಬ್ಯಾಂಕುಗಳಿಗಿಂತ ಎತ್ತರ ಆಯ್ತಲ್ಲ ಅಜ್ಜಿ, ಸರ್ ಬಿಡಲ್ಲ."

"ತಾಳು, ತಗ್ಗಿಸೋಣ" ಎಂದು ಕತ್ತರಿಯಿಂದ ಪೆಟ್ಟಿಗೆಗೆ ತೂತು ಮಾಡಿ, ಕೋನನ್ನು ಕೆಳಗಿನಿಂದ ತೂರಿಸಿದೆ. ಬ್ಯಾಂಕುಗಳ ಭುಜದ ಮಟ್ಟಕ್ಕೆ ಬಂದು ಬಿಗಿಯಾಗಿ ಕೂತಿತು.

ಮುಂದಿನ ವಾರ ಅದೇ ಬಸ್ಸಿನಲ್ಲಿ ಸಿಕ್ಕಳು. "ಪಾಸಾದೆ ಅಜ್ಜಿ! ಎಲ್ಲರೂ ಚರ್ಚನ್ನೇ ಮುಟ್ಟಿ ಮುಟ್ಟಿ ನೋಡಿದ್ರು. ಮಾಡೆಲ್ ಕಾಲೇಜಲ್ಲೇ ಇಟ್ಕೊಂಡಿದ್ದಾರೆ."

ನನಗೂ ಹಿಗ್ಗಾಯಿತು. ಮೊಮ್ಮಗ ಮಾತ್ರ ದಿನಾ ಟೋಪಿ ಎಲ್ಲಿ ಎಂದು ಕೇಳುತ್ತಾನೆ. ಫ್ರಾಂಕ್‌ಫರ್ಟಿನಲ್ಲಿದೆ ಎಂದರೆ ನಂಬುವುದಿಲ್ಲ.